ಮಟ್ಟೆ, ಹಾಳೆ, ಕಸ: ಹಸಿರು ಉದ್ಯಮಕ್ಕೆ ಕೈ ಹಾಕುವ ಮುನ್ನ



ಈಗ ಎಲ್ಲಿ ನೋಡಿದರೂ "ಹಸಿರು" ಎಂಬ ಮಾತು. ಹಸಿರು ನಗರ, ಹಸಿರು ಇಂಧನ, ಹಸಿರು ಉದ್ಯಮ. ಸ್ವ-ಸಹಾಯ ಸಂಘಗಳ ಸಭೆಗಳಲ್ಲೂ ಇದೇ ಪ್ರಶ್ನೆ ಬರುತ್ತಿದೆ. "ನಾವೂ ಒಂದು ತಟ್ಟೆ ಮಾಡೋ ಮಿಷನ್ ಹಾಕಬಹುದಾ? ನಾರಿನ ಕೆಲಸ ಲಾಭನಾ? ಸಬ್ಸಿಡಿ ಸಿಗುತ್ತಂತೆ, ನಿಜಾನಾ?" ಎಂದು ಗುಬ್ಬಿ, ಕುಣಿಗಲ್ ಕಡೆಯ ಸಹೋದರಿಯರು ಕೇಳುತ್ತಿದ್ದಾರೆ. ಕೇಳುವುದು ಒಳ್ಳೆಯದೇ. ಆದರೆ ಸಂಘದ ಉಳಿತಾಯದ ಹಣ ಹಾಕಿ, ಬ್ಯಾಂಕಿನ ಸಾಲ ಮೈಮೇಲೆ ಎಳೆದುಕೊಂಡ ಮೇಲೆ ಯೋಚಿಸುವುದಕ್ಕಿಂತ ಮೊದಲೇ ಕೂತು ಲೆಕ್ಕ ಹಾಕುವುದು ಮೇಲು. ಅದಕ್ಕಾಗಿ ನಮ್ಮ ಜಿಲ್ಲೆಯಲ್ಲಿ ನಿಜಕ್ಕೂ ಆಗಬಹುದಾದ ಹಸಿರು ಉದ್ಯಮಗಳು ಯಾವುವು, ಅವು ನಡೆಯುವ ಬಗೆ ಏನು, ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಮಂಗಳೂರು ಕಲಿಸಿದ ಪಾಠ

ಕರಾವಳಿಯ ಮಂಗಳೂರು ಮತ್ತು ಬಯಲುಸೀಮೆಯ ತುಮಕೂರು, ಎರಡೂ 2016ರ ಸೆಪ್ಟೆಂಬರಿನಲ್ಲಿ ಒಂದೇ ಪಟ್ಟಿಯಲ್ಲಿ ಸ್ಮಾರ್ಟ್ ಸಿಟಿಗಳಾಗಿ ಆಯ್ಕೆಯಾದವು. ಎರಡೂ ಊರುಗಳಿಗೆ ರಸ್ತೆ, ಉದ್ಯಾನ, ಕೆರೆ ಎಂದು ಹಣ ಬಂತು. ಸುಸ್ಥಿರತೆ ಎಂಬ ಮಾತು ಎರಡೂ ಕಡೆ ಕೇಳಿತು. ಮಂಗಳೂರಿನಲ್ಲಿ 2015ರಿಂದಲೇ ರಾಮಕೃಷ್ಣ ಮಠದವರ ನೇತೃತ್ವದಲ್ಲಿ ಸ್ವಚ್ಛತಾ ಅಭಿಯಾನ ನಡೆಯಿತು, ಸಾವಿರಾರು ಜನ ಪೊರಕೆ ಹಿಡಿದು ಬೀದಿಗೆ ಬಂದರು. ನಗರಕ್ಕೆ ಹತ್ತಿರದ ಪಕ್ಷಿಕೆರೆಯಲ್ಲಿ ರದ್ದಿ ಕಾಗದದೊಳಗೆ ಬೀಜ ಸೇರಿಸಿ ಪೆನ್ನು, ರಾಖಿ ತಯಾರಿಸುವ ಸಣ್ಣ ಉದ್ಯಮ ಹುಟ್ಟಿಕೊಂಡಿತು. ಇವೆಲ್ಲ ಮೆಚ್ಚಬೇಕಾದ ಸಂಗತಿಗಳು.

ಆದರೆ ಅದೇ ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಎಂಬ ಊರಿನ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಮುಳುಗಿದವು. ಹಲವು ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ವರ್ಷಾನುಗಟ್ಟಲೆ ಇಡೀ ನಗರ ಎಸೆದದ್ದು ಕೊನೆಗೆ ಕೆಲವೇ ಮನೆಗಳ ಅಂಗಳಕ್ಕೆ ಬಂತು. ಮೇಲೆ ಎಷ್ಟೇ ಹಸಿರು ಬಣ್ಣ ಬಳಿದರೂ ಕಸ ಎಲ್ಲಿಗೆ ಹೋಗುತ್ತದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕೇಳದಿದ್ದರೆ ಆ ಹಸಿರು ನಿಲ್ಲುವುದಿಲ್ಲ. ಈ ಪಾಠವನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಜಿಲ್ಲೆಯತ್ತ ನೋಡೋಣ.

ನಮ್ಮ ಮನೆಯಂಗಳದ ಕಚ್ಚಾವಸ್ತು

ತುಮಕೂರು ತೆಂಗಿನ ಜಿಲ್ಲೆ. ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕುಣಿಗಲ್ ಕಡೆ ತೋಟವಿಲ್ಲದ ಊರು ಅಪರೂಪ. ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ನಮ್ಮ ಪದ್ಧತಿ ದೇಶಕ್ಕೇ ಗೊತ್ತು. ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗುತ್ತೆ, ಚಿಪ್ಪು ಇದ್ದಿಲಿಗೆ ಹೋಗುತ್ತೆ. ಉಳಿಯುವುದು ಮಟ್ಟೆ. ಹಿಂದೆ ಅದು ನೀರೊಲೆಗೆ ಸೌದೆ, ಇಲ್ಲವೇ ತೋಟದ ಮೂಲೆಯ ಗುಡ್ಡೆ. ಈಗ ಅದೇ ಒಂದು ಉದ್ಯಮದ ಮೂಲವಸ್ತು.

ಕೇರಳದ ಹಿನ್ನೀರಿನ ಕಡೆ ಹಸಿ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಸಿ ಬಿಳಿ ನಾರು ತೆಗೆಯುವ ಪದ್ಧತಿ ಇದೆ. ನಮ್ಮಲ್ಲಿ ಹಾಗಲ್ಲ. ಒಣ ಮಟ್ಟೆಯನ್ನು ಸ್ವಲ್ಪ ನೆನೆಸಿ, ಯಂತ್ರಕ್ಕೆ ಕೊಟ್ಟು ಬಡಿದು, ಜರಡಿಯಲ್ಲಿ ನಾರು ಮತ್ತು ಪುಡಿಯನ್ನು ಬೇರೆ ಮಾಡಿ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಇದು ಕಂದು ನಾರು. ಹಗ್ಗ, ಕಾಲೊರೆಸು, ಹಾಸಿಗೆಯ ಒಳಪದರ, ಬುಟ್ಟಿ, ಕುಂಡ, ಮಣ್ಣು ಕೊಚ್ಚಿ ಹೋಗದಂತೆ ಹೊದಿಸುವ ಬಲೆ ಎಲ್ಲಕ್ಕೂ ಇದು ಬೇಕು. ಗ್ರಾಮೀಣ ರಸ್ತೆಗಳ ಅಡಿಪದರಕ್ಕೆ ಈ ನಾರಿನ ಬಲೆ ಹಾಸಲು 2020ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಪ್ಲಾಸ್ಟಿಕ್ ಬಲೆಯಂತೆ ಇದು ಮಣ್ಣಲ್ಲಿ ವಿಷವಾಗಿ ಉಳಿಯುವುದಿಲ್ಲ, ಕೆಲವು ವರ್ಷಗಳಲ್ಲಿ ಮಣ್ಣೇ ಆಗುತ್ತದೆ.

1953ರ ಕಾಯಿದೆಯಂತೆ ಸ್ಥಾಪನೆಯಾದ ಕಾಯರ್ ಬೋರ್ಡ್ ಈ ಉದ್ಯಮವನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ. ಕೊಚ್ಚಿಯಲ್ಲಿ ಅದರ ಮುಖ್ಯ ಕಚೇರಿ, ಬೆಂಗಳೂರಿನ ಪೀಣ್ಯದಲ್ಲಿ ಅದರ ತಂತ್ರಜ್ಞಾನ ಸಂಸ್ಥೆ. ಅಂದರೆ ಯಂತ್ರದ ವಿಷಯ ತಿಳಿಯಲು ನಮ್ಮವರು ಬಹಳ ದೂರ ಹೋಗಬೇಕಾಗಿಲ್ಲ. ಯಂತ್ರ ಮಾರುವವನ ಮಾತು ಕೇಳುವ ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂಬುದೇ ನಮ್ಮ ಸಲಹೆ.

ಪುಡಿಯ ಕಥೆ, ನೀರಿನ ಕಥೆ

ಇಲ್ಲಿ ಒಂದು ವಿಷಯ ಗಮನಿಸಿ. ಮಟ್ಟೆಯಲ್ಲಿ ನಾರು ಮೂರನೇ ಒಂದು ಪಾಲು ಮಾತ್ರ. ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಬೀಳುತ್ತದೆ. ಅಂದ್ರೆ ನಾರಿನ ಕಾರ್ಖಾನೆ ಅಂತ ನಾವು ಕರೆಯೋದು ನಿಜವಾಗಿ ಪುಡಿಯ ಕಾರ್ಖಾನೆ. ಈ ಪುಡಿ ಸುಲಭವಾಗಿ ಕೊಳೆಯುವುದಿಲ್ಲ. ಗುಡ್ಡೆ ಹಾಕಿ ಮಳೆಗೆ ಬಿಟ್ಟರೆ ಕಂದು ಬಣ್ಣದ ಒಗರು ನೀರು ಇಳಿದು ಪಕ್ಕದ ಹಳ್ಳ, ಬಾವಿ ಸೇರುತ್ತದೆ. ಬೇಸಿಗೆಯಲ್ಲಿ ಗಾಳಿಗೆ ಹಾರಿ ಮನೆಯೊಳಗೆ ಬರುತ್ತದೆ. ಕಿಡಿ ಬಿದ್ದರೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ.

ಸರಿಯಾಗಿ ಬಳಸಿದರೆ ಅದೇ ಪುಡಿ ಬಂಗಾರ. ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುವ ಗುಣ ಅದಕ್ಕಿದೆ. ನರ್ಸರಿಯವರು, ಹಸಿರುಮನೆಯಲ್ಲಿ ತರಕಾರಿ ಬೆಳೆಯುವವರು ಕೊಕೊಪೀಟ್ ಎಂದು ಕೊಳ್ಳುವುದು ಇದನ್ನೇ. ದೇಶದ ತೆಂಗಿನ ನಾರಿನ ವಸ್ತುಗಳ ರಫ್ತಿನಲ್ಲಿ ಈಗ ದೊಡ್ಡ ಪಾಲು ಈ ಪುಡಿಯದ್ದೇ.

ನಮ್ಮ ತೋಟಕ್ಕೇ ಗೊಬ್ಬರ ಮಾಡಿಕೊಳ್ಳಲು ಒಂದು ಸುಲಭ ವಿಧಾನ ಇದೆ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಸುಮಾರು ಒಂದೂವರೆ ಕಿಲೋ ಅಣಬೆ ಬೀಜ ಸಾಕು. ನೆರಳಲ್ಲಿ ಒಂದು ಪದರ ಪುಡಿ, ಅದರ ಮೇಲೆ ಅಣಬೆ ಬೀಜ, ಮತ್ತೊಂದು ಪದರ ಪುಡಿ, ಅದರ ಮೇಲೆ ಯೂರಿಯಾ, ಹೀಗೆ ಒಂದಾದ ಮೇಲೊಂದು ಹಾಕುತ್ತಾ ಹೋಗಬೇಕು. ಹಸಿ ಆರದಂತೆ ನೀರು ಚಿಮುಕಿಸುತ್ತಿದ್ದರೆ ಒಂದರಿಂದ ಎರಡು ತಿಂಗಳಲ್ಲಿ ಪುಡಿ ಕಪ್ಪಾಗಿ ಗೊಬ್ಬರವಾಗುತ್ತದೆ. ಹಸಿ ಪುಡಿಯನ್ನೇ ನೇರವಾಗಿ ಗಿಡಕ್ಕೆ ಸುರಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಇದನ್ನು ರೈತ ಬಂಧುಗಳು ನೆನಪಿಡಬೇಕು.

ಆದರೆ ರಫ್ತಿಗೆ ಹೋಗುವ ಪುಡಿಯ ಕಥೆ ಬೇರೆ. ಅದರಲ್ಲಿರುವ ಉಪ್ಪಿನಂಶ ಕಡಿಮೆ ಮಾಡಲು ಮತ್ತೆ ಮತ್ತೆ ತೊಳೆಯಬೇಕು. ತೊಳೆಯಲು ಸಿಹಿನೀರು ಬೇಕು. ನಮ್ಮಲ್ಲಿ ನೀರೆಲ್ಲಿದೆ? ತುಮಕೂರು ನಗರ ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಹರಿಸಿದ ಹೇಮಾವತಿ ನೀರು. ಗುಬ್ಬಿ, ಕುಣಿಗಲ್ ಕೆರೆಗಳೂ ಕಾಯುವುದು ಅದೇ ಹೇಮಾವತಿಗೆ. 2025ರಲ್ಲಿ ಕುಣಿಗಲ್ ಕಡೆಗೆ ಎಕ್ಸ್‌ಪ್ರೆಸ್ ಕಾಲುವೆ ತೆಗೆಯುವ ವಿಷಯಕ್ಕೆ ಗುಬ್ಬಿ ಕಡೆಯ ರೈತರು ಬೀದಿಗಿಳಿದರು. ನಮ್ಮ ಪಾಲು ಹೋಗುತ್ತೆ ಎಂಬ ಭಯ ಅವರದು. ನಮ್ಮ ಪಾಲು ನಮಗೆ ಬರಲೇ ಇಲ್ಲ ಎಂಬ ನೋವು ಕುಣಿಗಲ್‌ನವರದು. ಎರಡೂ ಕಡೆ ಇರುವವರು ನಮ್ಮ ಜನರೇ. ಹೀಗೆ ಅಣ್ಣ-ತಮ್ಮಂದಿರ ಹಾಗೆ ಇರುವ ಎರಡು ತಾಲ್ಲೂಕುಗಳು ನೀರಿಗಾಗಿ ಎದುರುಬದುರು ನಿಂತಿರುವಾಗ, ಕೊಳವೆಬಾವಿ ಕೊರೆದು ಪುಡಿ ತೊಳೆದು ಹೊರದೇಶಕ್ಕೆ ಕಳಿಸುವುದನ್ನು ಹಸಿರು ಉದ್ಯಮ ಎನ್ನಬಹುದೇ? ಮಳೆನೀರು ಹಿಡಿದು, ತೊಳೆದ ನೀರನ್ನು ತಿಳಿಗೊಳಿಸಿ ಮತ್ತೆ ಬಳಸುವ ವ್ಯವಸ್ಥೆ ಇದ್ದರೆ ಎನ್ನಬಹುದು. ಇಲ್ಲದಿದ್ದರೆ ಅದು ಪುಡಿಯ ಹೆಸರಲ್ಲಿ ನೀರಿನ ರಫ್ತು.

ಇನ್ನೊಂದು ಮಾತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಹೊಳೆ ಗುಬ್ಬಿ ತಾಲ್ಲೂಕಿನ ಮೂಲಕ ಹಾದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಗುಬ್ಬಿಯಲ್ಲಿ ಹಳ್ಳಕ್ಕೆ ಬಿಟ್ಟ ಒಗರು ನೀರು ಕುಣಿಗಲ್‌ನವರ ಗದ್ದೆಯ ಕಡೆಗೇ ಹರಿಯುವುದು. ಮೇಲಿನೂರಿನ ಲಾಭ ಕೆಳಗಿನೂರಿನ ನಷ್ಟ ಆಗಬಾರದು.

ಹಾಳೆ ತಟ್ಟೆ: ಆಸೆ ಮತ್ತು ಎಚ್ಚರ

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರವೂ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಹೇರಿತು. ಆಗ ಅಡಿಕೆ ಹಾಳೆ ತಟ್ಟೆಗೆ ಬೇಡಿಕೆ ಬಂತು. ಗುಬ್ಬಿ ಸೀಮೆಯಲ್ಲಿ ಅಡಿಕೆ ತೋಟಕ್ಕೇನೂ ಕಡಿಮೆ ಇಲ್ಲ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಅದನ್ನು ತೊಳೆದು, ನೆನೆಸಿ, ನೀರು ಬಸಿದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಬಣ್ಣ ಬೇಡ. ಎಸೆದರೆ ಗೊಬ್ಬರ.

ಆದರೆ ಎಚ್ಚರ ವಹಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ಹಾಳೆ ಬೇಸಿಗೆಯಲ್ಲಿ ಸಂಗ್ರಹಿಸಿ ಒಣಗಿಸಿ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ತಟ್ಟೆಯೂ ಕೆಡುತ್ತದೆ, ಹೆಸರೂ ಕೆಡುತ್ತದೆ. ಆದ್ದರಿಂದ ಯಂತ್ರಕ್ಕಿಂತ ಮೊದಲು ಒಣ ಗೋದಾಮು ಬೇಕು.

ಎರಡನೆಯದು, ಹಾಳೆ ಈಗಲೂ ಪೂರ್ತಿ ವ್ಯರ್ಥವಲ್ಲ. ಕೆಲವರು ದನಕ್ಕೆ ಹಾಕುತ್ತಾರೆ, ಉಳಿದದ್ದು ತೋಟದಲ್ಲೇ ಬಿದ್ದು ಮಣ್ಣಿಗೆ ಹೊದಿಕೆಯಾಗುತ್ತದೆ. ಎಲ್ಲವನ್ನೂ ಬಾಚಿ ಮಾರಿಬಿಟ್ಟರೆ ಮಣ್ಣಿಗೆ ಏನು ಉಳಿಯಿತು? ಒಂದು ಪಾಲು ಮಣ್ಣಿಗೆ ಬಿಡಿ.

ಮೂರನೆಯದು, ದೂರದ ಮಾರುಕಟ್ಟೆಯನ್ನೇ ನಂಬಬೇಡಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯಲ್ಲಿನ ಕೆಲವು ರಾಸಾಯನಿಕ ಅಂಶಗಳು ಆಹಾರಕ್ಕೆ ಇಳಿಯಬಹುದು ಎಂದು ಹೇಳಿ, ಈ ತಟ್ಟೆಗಳು ತಮ್ಮಲ್ಲಿ ಬಳಕೆಗೆ ಒಪ್ಪಿತವಲ್ಲ ಎಂದು ತಿಳಿಸಿತು. ರಫ್ತನ್ನೇ ನೆಚ್ಚಿದ್ದ ಕರ್ನಾಟಕದ ತಟ್ಟೆ ಉದ್ಯಮಗಳಿಗೆ ಇದು ದೊಡ್ಡ ಪೆಟ್ಟು. ಎಲ್ಲೋ ಸಾವಿರಾರು ಮೈಲಿ ದೂರದ ಒಂದು ಕಚೇರಿಯ ಕಾಗದಕ್ಕೆ ಇಲ್ಲಿನ ಹಳ್ಳಿಯ ಮಿಷನ್ ನಿಂತುಬಿಡಬಹುದು. ನಮ್ಮ ಜಾತ್ರೆ, ಮದುವೆ, ಹಬ್ಬದ ಊಟಗಳೇ ಮೊದಲ ಮಾರುಕಟ್ಟೆಯಾಗಲಿ. ಜೊತೆಗೆ ಬಾಳೆ ಎಲೆ, ಮುತ್ತುಗದ ಎಲೆಯನ್ನೂ ಮರೆಯಬೇಡಿ. ನಮ್ಮ ಅಜ್ಜಿಯರು ಮುತ್ತುಗದ ಎಲೆ ಹಚ್ಚಿ ಮಾರುತ್ತಿದ್ದದ್ದೂ ಒಂದು ಹಸಿರು ಉದ್ಯಮವೇ. ಅದಕ್ಕೆ ಕರೆಂಟೂ ಬೇಡ, ಸಾಲವೂ ಬೇಡ.

ಲೆಕ್ಕ ಕಲಿಯೋಣ

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಬೆಲೆಗಳು ಊರಿಂದೂರಿಗೆ ಬೇರೆ. ನಿಮ್ಮೂರಿನ ಬೆಲೆ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಐದು ಮಂದಿ ಸೇರಿ ದಿನಕ್ಕೆ 500 ತಟ್ಟೆ ಮಾಡಿದರು ಅಂದುಕೊಳ್ಳಿ. ತಟ್ಟೆಗೆ 3 ರೂಪಾಯಿಯಂತೆ 1,500 ರೂಪಾಯಿ ಬಂತು. ತಟ್ಟೆಗೆ ಒಂದು ರೂಪಾಯಿಯಂತೆ ಹಾಳೆಗೆ 500. ಕರೆಂಟು, ಸಾಗಣೆ, ಪ್ಯಾಕಿಂಗ್‌ಗೆ 200. ಸಾಲದ ಕಂತು ದಿನದ ಲೆಕ್ಕದಲ್ಲಿ 250. ಉಳಿದದ್ದು 550. ಐದು ಜನಕ್ಕೆ ಹಂಚಿದರೆ ತಲೆಗೆ 110 ರೂಪಾಯಿ! 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಹಾಗಾದರೆ ಇದು ಉದ್ಯಮವಾ, ಬಿಟ್ಟಿ ಚಾಕರಿಯಾ?

ಈಗ ಅದೇ ಯಂತ್ರದಲ್ಲಿ ಮೂರೇ ಜನ ದಿನಕ್ಕೆ 1,000 ತಟ್ಟೆ ಮಾಡಿದರೆ? ಬಂದದ್ದು 3,000. ಹಾಳೆಗೆ 1,000, ಇತರೆ 400, ಕಂತು 250. ಉಳಿದದ್ದು 1,350. ತಲೆಗೆ 450. ಇದು ಬದುಕುವ ಲೆಕ್ಕ. ಆದರೆ ದಿನಾ 1,000 ತಟ್ಟೆ ಕೊಳ್ಳುವವರು ಯಾರು? ವರ್ಷಪೂರ್ತಿ ಅಷ್ಟು ಹಾಳೆ ಎಲ್ಲಿಂದ? ಸಂಘದಲ್ಲಿ ಹದಿನೈದು ಜನ ಇದ್ದಾರೆ ಎಂದು ಹದಿನೈದು ಜನಕ್ಕೂ ಒಂದೇ ಯಂತ್ರ ಅನ್ನ ಹಾಕುವುದಿಲ್ಲ. ಯಾರು ದುಡಿಯುತ್ತಾರೆ, ಯಾರು ಹಾಳೆ ಆಯುತ್ತಾರೆ, ಯಾರು ಮಾರುತ್ತಾರೆ ಎಂದು ಮೊದಲೇ ಬರೆದುಕೊಳ್ಳಿ. ಸಂಘಗಳು ಒಡೆಯುವುದು ನಷ್ಟದಿಂದ ಮಾತ್ರವಲ್ಲ, ಹೇಳದೆ ಉಳಿಸಿದ ಮಾತುಗಳಿಂದಲೂ.

ಸಬ್ಸಿಡಿ ಎಂದರೆ ಕೈಗೆ ಬರುವ ದುಡ್ಡಲ್ಲ

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ (ಪಿ.ಎಂ.ಇ.ಜಿ.ಪಿ.) 2008ರಲ್ಲಿ ಶುರುವಾದದ್ದು. 2022ರ ಪರಿಷ್ಕೃತ ನಿಯಮಗಳಂತೆ ತಯಾರಿಕಾ ಘಟಕಗಳಿಗೆ 50 ಲಕ್ಷ ರೂಪಾಯಿವರೆಗಿನ ಯೋಜನೆಗೆ ಅವಕಾಶ ಕೊಡಲಾಯಿತು. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಯರು, ಪರಿಶಿಷ್ಟರು, ಅಲ್ಪಸಂಖ್ಯಾತರು ಮೊದಲಾದವರಿಗೆ ಯೋಜನಾ ವೆಚ್ಚದ ಶೇ. 35 ಸಬ್ಸಿಡಿ, ಸ್ವಂತ ಪಾಲು ಶೇ. 5 ಎಂದು ಗೊತ್ತುಮಾಡಲಾಯಿತು.

ಬಹಳ ಮಂದಿಗೆ ತಿಳಿಯದ ಸಂಗತಿ ಏನೆಂದರೆ, ಈ ಸಬ್ಸಿಡಿ ಕೂಡಲೇ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಘಟಕ ಮಧ್ಯದಲ್ಲೇ ಮುಚ್ಚಿದರೆ ಸಬ್ಸಿಡಿ ಕೈತಪ್ಪಬಹುದು, ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ "ಸಬ್ಸಿಡಿ ಕೊಡಿಸ್ತೀನಿ, ಇಷ್ಟು ಕೊಡಿ" ಎಂದು ಬರುವ ಮಧ್ಯವರ್ತಿಗಳನ್ನು ದೂರ ಇಡಿ. ಅರ್ಜಿ ಹಾಕುವ ಮುನ್ನ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೀವೇ ಹೋಗಿ ಆ ಹೊತ್ತಿನ ನಿಯಮ ಏನೆಂದು ಕೇಳಿ.

ನಗರದ ಕಸದಲ್ಲೂ ಕೆಲಸವಿದೆ

ತುಮಕೂರು ನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿತ್ತು. 35 ವಾರ್ಡುಗಳ ಕಸ ಅಜ್ಜಗೊಂಡನಹಳ್ಳಿಯ ಘಟಕಕ್ಕೆ ಹೋಗುತ್ತದೆ. ವಾಸನೆ, ನೊಣದ ಕಾಟ ಎಂದು ಸುತ್ತಲಿನ ಹಳ್ಳಿಯವರು ದೂರುತ್ತಾ ಬಂದಿದ್ದಾರೆ. ಮಂದಾರದ ಕಥೆ ಇಲ್ಲಿ ನೆನಪಾಗಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ನಮ್ಮ ಮನೆಯ ಕಸದಲ್ಲಿ ಅರ್ಧಕ್ಕೂ ಹೆಚ್ಚು ಹಸಿ ಕಸ. ಅದನ್ನು ಬೇರೆ ಇಟ್ಟರೆ ಗೊಬ್ಬರ, ಒಣ ಕಸದ ಜೊತೆ ಬೆರೆಸಿದರೆ ಎರಡೂ ಹಾಳು. ಹಸಿ ಕಸದ ಬಕೆಟ್‌ನಲ್ಲಿ ಒಂದು ಮುಷ್ಟಿ ತೆಂಗಿನ ನಾರಿನ ಪುಡಿ ಹಾಕಿದರೆ ನೀರು ಹೀರಿಕೊಂಡು ವಾಸನೆ ತಗ್ಗುತ್ತದೆ. ಹಳ್ಳಿಯಲ್ಲಿ ಸಮಸ್ಯೆಯಾದ ಪುಡಿ ನಗರದ ಸಮಸ್ಯೆಗೆ ಮದ್ದಾಗುತ್ತದೆ. ಗುಬ್ಬಿಯ ಪುಡಿ ತುಮಕೂರಿಗೆ, ತುಮಕೂರಿನ ಗೊಬ್ಬರ ಗುಬ್ಬಿಯ ತೋಟಕ್ಕೆ. ಇದು ನಮ್ಮ ಜಿಲ್ಲೆಯೊಳಗೇ ಸುತ್ತುವ ವ್ಯಾಪಾರ. ಇದಕ್ಕೆ ಯಾವ ವಿದೇಶದ ಅಪ್ಪಣೆಯೂ ಬೇಕಿಲ್ಲ.

ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವ-ಸಹಾಯ ಸಂಘಗಳ ಮಹಿಳೆಯರೇ ಸ್ವಚ್ಛ ವಾಹಿನಿ ಓಡಿಸಿ ಕಸ ಸಂಗ್ರಹಿಸುತ್ತಿದ್ದಾರೆ. ಸ್ಟೀರಿಂಗ್ ಹಿಡಿದ ತಾಯಂದಿರನ್ನು ನೋಡುವುದು ಸಂತೋಷವೇ. ಆದರೆ ಅವರ ಗೌರವಧನ ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯೇ, ಕೈಗವಸು, ಮುಖಗವಸು ಕೊಟ್ಟಿದ್ದಾರೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ನಮ್ಮೆಲ್ಲರ ಕೆಲಸ. ನಾರಿನ ಘಟಕಗಳಲ್ಲೂ ಅಷ್ಟೇ. ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಯಂತ್ರದ ಬಾಯಿಗೆ ಕೈ ಸಿಕ್ಕುತ್ತದೆ. ದುಡಿಯುವವರ ಉಸಿರು ಕೆಡಿಸುವುದಕ್ಕೆ ಹಸಿರು ಎಂಬ ಹೆಸರು ಒಪ್ಪುವುದಿಲ್ಲ.

ಪಾವಗಡದ ಕಡೆ ನೋಡಿ

ನಮ್ಮ ಜಿಲ್ಲೆಯ ಪಾವಗಡದಲ್ಲಿ 2019ರ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಪೂರ್ಣವಾಯಿತು. ಬರದ ಸೀಮೆಯ ಸುಮಾರು 13,000 ಎಕರೆ ಜಮೀನನ್ನು ಕೊಳ್ಳದೆ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಆರಂಭವಾಯಿತು. ಜಮೀನು ಉಳಿಯಿತು, ವರಮಾನವೂ ಬಂತು. ಇದು ಒಳ್ಳೆಯ ಮಾದರಿ. ಆದರೆ ಜಮೀನಿಲ್ಲದ ಕೂಲಿಕಾರನಿಗೆ, ಕುರಿ ಮೇಯಿಸುವವನಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಹೊಲ ಹೋದ ಮೇಲೆ ಅವರ ಕೆಲಸವೂ ಹೋಯಿತು. ಹಸಿರು ಯೋಜನೆಯಲ್ಲೂ ಕಡೆಯ ಸಾಲಿನಲ್ಲಿ ಕೂತವರನ್ನು ಎಣಿಸದೆ ಬಿಟ್ಟರೆ ಅನ್ಯಾಯ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಾಲ್ಕು ಪ್ರಶ್ನೆಗಳು

ಮುಂದಿನ ಸಂಘದ ಸಭೆಯಲ್ಲಿ ಯಾವುದೇ ಹೊಸ ಉದ್ಯಮದ ಮಾತು ಬಂದರೆ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

1. ಕಚ್ಚಾವಸ್ತು ನಮ್ಮ ಸುತ್ತಮುತ್ತ ವರ್ಷಪೂರ್ತಿ ಸಿಗುತ್ತದೆಯೇ? ಮಣ್ಣಿಗೆ, ದನಕ್ಕೆ ಅದರ ಪಾಲು ಉಳಿಯುತ್ತದೆಯೇ?

2. ನೀರು ಎಷ್ಟು ಬೇಕು, ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

3. ಉಳಿಯುವ ಕಸ ಏನು? ಅದು ಯಾರ ಅಂಗಳಕ್ಕೆ ಬೀಳುತ್ತದೆ?

4. ಖರ್ಚು, ಕಂತು ಕಳೆದ ಮೇಲೆ ದುಡಿದ ಕೈಗೆ ದಿನಕ್ಕೆ ಎಷ್ಟು ಸಿಗುತ್ತದೆ? ಹತ್ತು ಮೈಲಿಯೊಳಗೆ ಕೊಳ್ಳುವವರು ಯಾರು?

ನಾಲ್ಕಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಧೈರ್ಯವಾಗಿ ಮುಂದುವರಿಯಿರಿ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಸಹಿ ಹಾಕುವುದನ್ನು ಮುಂದಿನ ಸಭೆಗೆ ಇಡಿ.

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಎಂಬ ಪರಿಪತ್ರದಲ್ಲಿ ಭೂಮಿಯ ಗೋಳು, ಬಡವರ ಗೋಳು ಬೇರೆಬೇರೆಯಲ್ಲ, ಎರಡನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕು ಎಂದು ತಿಳಿಹೇಳಿದರು. 2025ರ ಏಪ್ರಿಲ್‌ನಲ್ಲಿ ಅವರು ನಮ್ಮನ್ನಗಲಿದರೂ ಆ ಮಾತು ನಮ್ಮ ಕೆಲಸಕ್ಕೆ ದಾರಿದೀಪವಾಗಿದೆ. ಬೈಬಲಿನ ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ವ್ಯವಸಾಯ ಮಾಡಲು ಮತ್ತು ಕಾಯಲು. ದುಡಿಮೆ ಮತ್ತು ಕಾವಲು ಎರಡೂ ಸೇರಿಯೇ ಆ ಅಪ್ಪಣೆ. ನಮ್ಮ ತೆಂಗಿನ ತೋಟ, ಅಡಿಕೆ ತೋಟಗಳಿಗೂ ಇದೇ ಅನ್ವಯಿಸುತ್ತದೆ. ಯಾವ ಧರ್ಮದವರಾದರೂ ಸರಿ, ಮಣ್ಣು ಮುಟ್ಟಿ ಬದುಕುವವರಿಗೆ ಇದು ಹೊಸ ಮಾತಲ್ಲ.

ಈ ಲೇಖನವನ್ನು ಸಂಘದ ಸಭೆಯಲ್ಲಿ ಓದು ಬರುವವರು ಗಟ್ಟಿಯಾಗಿ ಓದಿ ಹೇಳಿ. ನಿಮ್ಮೂರಿನ ಮಟ್ಟೆ, ಹಾಳೆ, ಕಸದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಕ್ಷೇತ್ರ ಕಾರ್ಯಕರ್ತರ ಕೈಗೆ ಕೊಡಿ. ಕೂತು ನೋಡೋಣ, ಆಮೇಲೆ ಯಂತ್ರದ ಮಾತು.